ಹಾಡು ಯಾರದು, ರೊಕ್ಕ ಯಾರದು?

ಹೋದ ಲಗ್ನದ ಹಂಗಾಮಿನಲ್ಲಿ ನಾವು ಕಮಲಾಪುರಕ್ಕೆ ಹೋಗಿದ್ದೆವು. ಕಲಬುರಗಿಯ ಕಪನೂರಿನ ಬೇಳೆ ಮಿಲ್ಲಿನಲ್ಲಿ ಚೀಲ ಹೊರುವ ಹಮಾಲ ಬಂಧುವೊಬ್ಬರ ಮಗಳ ಮದುವೆ. ಮೆರವಣಿಗೆಯ ಮುಂದೆ ಲಾರಿ, ಲಾರಿಯ ಮೇಲೆ ಡಿಜೆ. ಅದರ ಸದ್ದಿಗೆ ಮನೆಗಳ ಮೇಲಿನ ತಗಡು ನಡುಗುತ್ತಿದ್ದವು. ಶ್ರೀ ಚಂದನ್ ಶೆಟ್ಟಿಯವರ ‘3 ಪೆಗ್’ ಎಂಬ ಹಾಡು ಒಂದೇ ಸಂಜೆಯಲ್ಲಿ ನಾಲ್ಕು ಸಲ ಬಂತು. ಹುಡುಗರು ಕುಣಿದರು. ಕುಣಿಯಲಿ, ಲಗ್ನದಲ್ಲಿ ಕುಣಿಯದೆ ಇನ್ನೆಲ್ಲಿ ಕುಣಿಯಬೇಕು? ಆದರೆ ಆ ಹುಡುಗರಲ್ಲಿ ಇಬ್ಬರು ಮರುದಿನ ಪಾಳಿಗೆ ಬರಲಿಲ್ಲ. ಬಾರದವರ ಕೂಲಿ ಹೋಯಿತು. ದಿನಗೂಲಿಯವನಿಗೆ ರಜೆ ಎಂಬುದು ಇಲ್ಲವೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಊಟದ ಪಂಕ್ತಿಯಲ್ಲಿ ಈ ಹಾಡಿನ ಮಾತೇ ಬಂತು. ನಾವು ಶಾಲೆ ಬಿಟ್ಟು ಸಂಘಟನೆಗೆ ಬಂದು ವರ್ಷಗಳಾದರೂ ಆ ಕಡೆಯ ಜನ ಇನ್ನೂ ಮಾಸ್ತರರೆಂದೇ ಕರೆಯುತ್ತಾರೆ. ಕಿರಾಣಿ ಅಂಗಡಿಯ ಹಿರಿಯರೊಬ್ಬರು ಸಿಟ್ಟಿನಿಂದ ಹೇಳಿದರು: “ಮಾಸ್ತರ್ರ, ಇಂಥಾ ಹಾಡು ಹಾಡೋನಿಗಿ ಮೊದ್ಲ ಒಳಗ ಹಾಕ್ಬೇಕು ನೋಡ್ರಿ.” ಎಲ್ಲರೂ ಹೌದೆಂದರು. ಬಡಿಸುತ್ತಿದ್ದ ತಾಯಿಯೊಬ್ಬಳು, ಕುಣಿದವರಲ್ಲಿ ಒಬ್ಬನ ತಾಯಿ, ಕೈಯಲ್ಲಿ ಸಾರಿನ ಬಕೀಟು ಹಿಡಿದೇ ಕೇಳಿದಳು: “ಹಾಡಿದವನಿಗಿ ಬೈತೀರಿ ಕಾಕಾ. ದುಕಾನ್ ಇಟ್ಟವರಿಗಿ ಯಾರು ಬಯ್ಯೋರು?”

ಪಂಕ್ತಿಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ನಾವೂ ಕೊಡಲಿಲ್ಲ. ಅಂದು ಕೊಡಲಾಗದ ಉತ್ತರವನ್ನು ಇಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಈ ಗಾಯಕರ ವಿಷಯ. ಚಂದನ್ ಶೆಟ್ಟಿಯವರು ಹಾಸನ ಜಿಲ್ಲೆಯವರು. ಸಂಗೀತ ನಿರ್ದೇಶಕ ಅರ್ಜುನ್ ಜನ್ಯ ಅವರ ಕೈಕೆಳಗೆ ಕೆಲಸ ಕಲಿತರು, ಚಿತ್ರಗಳಿಗೆ ಪದ ಬರೆದರು, ಬಳಿಕ ಸ್ವಂತ ಹಾಡು ಕಟ್ಟಿ ಯೂಟ್ಯೂಬಿನಲ್ಲಿ ಹೊರತಂದರು. ಮಾತನ್ನೇ ತಾಳಕ್ಕೆ ಕೂಡಿಸಿ ವೇಗವಾಗಿ ಹೇಳುವ ಈ ಪದ್ಧತಿಗೆ ರ‍್ಯಾಪ್ ಎಂದು ಹೆಸರು. ಕನ್ನಡದ ರ‍್ಯಾಪ್ ಬೆಂಗಳೂರಿನ ಕಾಲೇಜು ಹುಡುಗರನ್ನು ದಾಟಿ ನಮ್ಮ ಗಂಜಿನ ಹಮಾಲರ ಮಕ್ಕಳವರೆಗೆ ಬಂದುದರಲ್ಲಿ ಇವರ ಪಾಲು ದೊಡ್ಡದು. ಅದನ್ನು ನಾವು ಅಲ್ಲಗಳೆಯುವುದಿಲ್ಲ. 2018ರ ಜನವರಿಯಲ್ಲಿ ಅವರು ಬಿಗ್ ಬಾಸ್ ಎಂಬ ದೂರದರ್ಶನ ಸ್ಪರ್ಧೆಯ ಐದನೆಯ ಆವೃತ್ತಿಯನ್ನು ಗೆದ್ದರು. ಅಲ್ಲಿ ಎರಡನೆಯವರಾಗಿ ಬಂದ ದಿವಾಕರ್ ಎಂಬವರು ಸರಕು ಮಾರುವ ಸೇಲ್ಸ್‌ಮನ್. ಅವರ ಹೆಸರು ಈಗ ಎಷ್ಟು ಜನರ ನೆನಪಿನಲ್ಲಿದೆಯೋ! ಗೆದ್ದವರಾದರೋ ಆ ಬಳಿಕ ಬರೇ ಗಾಯಕರಾಗಿ ಉಳಿಯಲಿಲ್ಲ. 2024ರ ಜುಲೈಯಲ್ಲಿ ‘ವಿದ್ಯಾರ್ಥಿ ವಿದ್ಯಾರ್ಥಿನಿಯರೇ’, 2025ರ ಮೇಯಲ್ಲಿ ‘ಸೂತ್ರಧಾರಿ’ ಎಂಬ ಚಿತ್ರಗಳಲ್ಲಿ ನಟರಾಗಿ ಬಂದರು.

ನಡುವೆ ಮೂರು ಗದ್ದಲಗಳು ನಡೆದವು.

ಮೊದಲನೆಯದು ಗಾಂಜಾದ ಹಾಡು. ‘ಅಂತ್ಯ’ ಎಂಬ ಚಿತ್ರದ ಹಾಡಿನಲ್ಲಿ ಗಾಂಜಾ ಸೇವನೆಯನ್ನು ಹೊಗಳಿದ್ದಾರೆಂದು, ಹಾಡು ಬಂದು ವರ್ಷಗಳೇ ಕಳೆದ ಮೇಲೆ, ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ ಪೊಲೀಸರು ಅವರಿಗೆ ನೋಟೀಸು ಕೊಟ್ಟು ಕರೆಸಿದರು. ಹಾಡು ಒಳ್ಳೆಯದೆಂದು ನಾವು ವಾದಿಸುವುದಿಲ್ಲ. ಹುಕ್ಕಾ ಸೇದುವುದನ್ನೇ ಹಿಡಿದು ಶಿಶುನಾಳ ಶರೀಫರೂ ಪದ ಕಟ್ಟಿದ್ದರು. ಅವರೂ ಕೆಲಕಾಲ ಶಾಲೆಯ ಮಾಸ್ತರರೇ. ಆದರೆ ಆ ಹೊಗೆಯಿಂದ ಅವರು ಮನುಷ್ಯನ ದೇಹದ, ಆತ್ಮದ ವಿಚಾರ ತೆಗೆದರು. ಇಂದಿನ ಈ ಹಾಡುಗಳು ಅಮಲಿನಿಂದ ಹೊರಟು ಅಮಲಿನಲ್ಲೇ ಮುಗಿಯುತ್ತವೆ. ಇದು ಕವಿತ್ವದ ಬಡತನ. ಬಡತನಕ್ಕೆ ಪೊಲೀಸ್ ನೋಟೀಸು ಔಷಧವಲ್ಲ.

ಇನ್ನು ಆ ತಾಯಿ ಕೇಳಿದ ದುಕಾನಿನ ಮಾತು. ಕರ್ನಾಟಕ ಸರಕಾರವು 2025-26ರ ಮುಂಗಡಪತ್ರದಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತುವ ಗುರಿ ಹಾಕಿಕೊಂಡಿತು. ಓದುಗರು ದಯವಿಟ್ಟು ಈ ಅಂಕಿಯನ್ನು ಇನ್ನೊಮ್ಮೆ ಓದಿರಿ. ಇಷ್ಟು ಹಣ ಬರಬೇಕಾದರೆ ಯಾರು, ಎಷ್ಟು ಕುಡಿಯಬೇಕು? ಸರಕಾರದ ಒಡೆತನದ ಎಂ.ಎಸ್.ಐ.ಎಲ್. ಸಂಸ್ಥೆ ತಾನೇ ಮದ್ಯದ ಅಂಗಡಿಗಳನ್ನು ನಡೆಸುತ್ತದೆ. ನಾವು ಮಾಸ್ತರಿಕೆಯಲ್ಲಿದ್ದಾಗ ಮಕ್ಕಳ ಕೈಯಲ್ಲಿ ಇದೇ ಸಂಸ್ಥೆಯ ನೋಟ್ ಪುಸ್ತಕಗಳಿದ್ದವು. ಮಗನಿಗೆ ಪುಸ್ತಕ, ಅಪ್ಪನಿಗೆ ಬಾಟಲಿ, ಎರಡೂ ಒಂದೇ ಹೆಸರಿನಲ್ಲಿ! ಮೂರು ಪೆಗ್ಗಿನ ಹಾಡು ಹಾಡಿದವನು ಜನರನ್ನು ಕೆಡಿಸುತ್ತಾನೆಂದರೆ, ಪೆಗ್ಗು ಅಳೆದು ಕೊಡುವ ಸರಕಾರ ಜನರನ್ನು ಏನು ಮಾಡುತ್ತದೆ? ಗಾಂಜಾ ಕಾನೂನಿಗೆ ವಿರುದ್ಧ, ಮದ್ಯ ಕಾನೂನಿನ ಒಳಗೆ, ಆದ್ದರಿಂದ ಎರಡನ್ನೂ ಬೆರೆಸಬಾರದು ಎಂದು ಯಾರಾದರೂ ಹೇಳಬಹುದು. ಕಾನೂನಿನ ಲೆಕ್ಕಕ್ಕೆ ಆ ಮಾತು ಸರಿ. ಮನೆಯ ಲೆಕ್ಕಕ್ಕೆ, ವಾರದ ಬಟವಾಡೆ ಕೈಗೆ ಬಾರದೆ ಕುಳಿತ ಹೆಂಗಸಿಗೆ, ಈ ಭೇದ ಗೊತ್ತಾಗುವುದಿಲ್ಲ.

ಎರಡನೆಯ ಗದ್ದಲವನ್ನು ನಾವು ಬೇಗ ಮುಗಿಸುತ್ತೇವೆ. 2019ರ ಅಕ್ಟೋಬರದಲ್ಲಿ ಮೈಸೂರಿನ ಯುವ ದಸರಾ ವೇದಿಕೆಯ ಮೇಲೆ ಅವರು ತಮ್ಮ ಗೆಳತಿಗೆ ಉಂಗುರ ತೊಡಿಸಿ ಮದುವೆಯ ಮಾತೆತ್ತಿದರು. ಸರಕಾರಿ ವೇದಿಕೆಯನ್ನು ಸ್ವಂತಕ್ಕೆ ಬಳಸಿದರೆಂದು ಮಂತ್ರಿಗಳು ಕೆರಳಿದರು, ದೂರು ಬಂತು, ಅವರು ಕ್ಷಮೆ ಕೇಳಿದರು. ತಪ್ಪು ತಪ್ಪೇ. ಆದರೆ ಅದೇ 2019ರ ಜನವರಿಯಲ್ಲಿ ರಾಯಚೂರು ಮೊದಲಾದ ಜಿಲ್ಲೆಗಳ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಬೇಡಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋಗಿದ್ದರು. ಒಂದು ಉಂಗುರದ ಸುದ್ದಿ ಎಷ್ಟು ದಿನ ಓಡಿತು, ಆ ಹೆಂಗಸರ ಕಾಲಿನ ಬೊಬ್ಬೆಗಳ ಸುದ್ದಿ ಎಷ್ಟು ದಿನ ಓಡಿತು ಎಂಬುದನ್ನು ಪತ್ರಿಕೆ ಓದುವವರೇ ನೆನಪು ಮಾಡಿಕೊಳ್ಳಲಿ.

ಮೂರನೆಯದೇ ನಮ್ಮ ಮುಖ್ಯ ವಿಷಯ. 2020ರ ಆಗಸ್ಟಿನಲ್ಲಿ, ಗಣೇಶ ಚೌತಿಯ ಸುಮಾರಿಗೆ, ಮಲೆ ಮಹದೇಶ್ವರನ ಕಥೆಯ ಕೋಲುಮಂಡೆ ಜಂಗಮದೇವರ ಪದವನ್ನು ಅವರು ರ‍್ಯಾಪಿಗೆ ಕೂಡಿಸಿ ದೃಶ್ಯಸಮೇತ ಹೊರತಂದರು. ಆ ಕಥೆಯಲ್ಲಿ ಬರುವ ಶರಣೆ ಸಂಕಮ್ಮನನ್ನು ಅಸಭ್ಯವಾಗಿ ತೋರಿಸಿದ್ದಾರೆಂದು ಚಾಮರಾಜನಗರದ ಕಡೆಯ ಭಕ್ತರು ಸಿಟ್ಟಾದರು. ಗಾಯಕರು ಕ್ಷಮೆ ಬೇಡಿದರು, ಹಾಡನ್ನು ಯೂಟ್ಯೂಬಿನಿಂದ ತೆಗೆಯಲಾಯಿತು. ಅಲ್ಲಿಗೆ ಎಲ್ಲರೂ ಕೈ ತೊಳೆದುಕೊಂಡರು.

ಭಕ್ತರ ನೋವು ಸುಳ್ಳಲ್ಲ. ಸಂಕಮ್ಮ ಅವರಿಗೆ ಬರೇ ಕಥೆಯ ಹೆಂಗಸಲ್ಲ. ಆದರೆ ಆ ಗದ್ದಲದಲ್ಲಿ ಒಂದು ಪ್ರಶ್ನೆ ನಮ್ಮ ಕಿವಿಗೆ ಬೀಳಲೇ ಇಲ್ಲ. ಆ ಪದವನ್ನು ತಲೆಮಾರುಗಳಿಂದ ಬಾಯಲ್ಲಿ ಉಳಿಸಿಕೊಂಡು ಬಂದವರು ಕಂಸಾಳೆಯವರು, ದೇವರಗುಡ್ಡರು. ಹಾಡು ಓಡಿದ್ದರೆ, ತೆಗೆಯದೆ ಉಳಿದು ಕೋಟಿ ಜನ ಕೇಳಿದ್ದರೆ, ಅವರಿಗೆ ಏನು ಸಿಗುತ್ತಿತ್ತು? ಚಿಕ್ಕಾಸೂ ಇಲ್ಲ. ದೇವರ ಮಾನಕ್ಕೆ ವಾರಸುದಾರರು ಎದ್ದು ನಿಂತರು, ಸಂತೋಷ. ಹಾಡಿದವನ ಹೊಟ್ಟೆಗೆ ಯಾರೂ ಏಳಲಿಲ್ಲ.

ಕಾನೂನನ್ನೇ ನೋಡಿರಿ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂತು. ಕವಿ ಜಾವೇದ್ ಅಖ್ತರರು ರಾಜ್ಯಸಭೆಯಲ್ಲಿ ಅದಕ್ಕಾಗಿ ಗಟ್ಟಿಯಾಗಿ ವಾದಿಸಿದರು. ಚಿತ್ರಗೀತೆ ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಬರುವ ರಾಯಧನದಲ್ಲಿ ಪದ ಬರೆದವನಿಗೂ ರಾಗ ಹಾಕಿದವನಿಗೂ ಸಮಪಾಲು ಸಲ್ಲಬೇಕು, ಬಂಡವಾಳ ಹಾಕಿದವನು ಅದನ್ನು ಬರೆಸಿಕೊಂಡು ಕಸಿಯಕೂಡದು ಎಂದಾಯಿತು. ಒಳ್ಳೆಯ ಕಾಯ್ದೆ. ಆದರೆ ಅದು ಹೆಸರಿರುವವರಿಗೆ. ಬರೆದವನ ಹೆಸರೇ ತಿಳಿಯದ ಜನಪದ ಹಾಡಿಗೆ ಅಲ್ಲಿ ಒಡೆಯನಿಲ್ಲ. ಯಾರು ಬೇಕಾದರೂ ಎತ್ತಿಕೊಂಡು, ಮೇಲೆ ವಾದ್ಯ ಹಾಕಿಸಿ, ಆ ಧ್ವನಿಮುದ್ರಣದ ಒಡೆಯರಾಗಬಹುದು. ಗಾಯರಾಣ ಜಮೀನಿಗೆ ಬೇಲಿ ಹಾಕಿ ಪಹಣಿ ಮಾಡಿಸಿಕೊಂಡಂತೆ! ಇಲ್ಲಿ ಗಾಯಕನಿಗಿಂತ ಕಂಪನಿಯೇ ದೊಡ್ಡ ಪಾಲುದಾರ. ಬೈಗುಳ ಮಾತ್ರ ಗಾಯಕನ ಪಾಲಿಗೆ, ಯಾಕೆಂದರೆ ಮುಖ ಕಾಣುವುದು ಅವನದು.

ಈ ಮಾತು ದೂರದ ಮಲೆ ಮಹದೇಶ್ವರ ಬೆಟ್ಟದ್ದಲ್ಲ, ನಮ್ಮದೂ ಹೌದು. ನಮ್ಮ ಕಡೆಯ ಹರದೇಶಿ ನಾಗೇಶಿ ಮೇಳಗಳನ್ನು ಕೇಳಿದವರಿಗೆ ರ‍್ಯಾಪ್ ಹೊಸದೆನಿಸುವುದಿಲ್ಲ. ಒಂದು ಮೇಳ ಗಂಡು ಮೇಲೆನ್ನುತ್ತದೆ, ಇನ್ನೊಂದು ಹೆಣ್ಣು ಮೇಲೆನ್ನುತ್ತದೆ. ದಪ್ಪು, ತುಂತುಣಿ ಹಿಡಿದು ಬೆಳತನಕ ಸವಾಲು ಜವಾಬು. ನಿಂತ ನಿಲುವಿನಲ್ಲಿ ಪ್ರಾಸ ಕಟ್ಟಿ ಎದುರಾಳಿಯ ಬಾಯಿ ಮುಚ್ಚಿಸಬೇಕು. ಅಮೆರಿಕದಲ್ಲಿ ಇದರ ದಾಯಾದಿ ಕಲೆ ಹುಟ್ಟಿದ್ದೂ ಸಿರಿವಂತರ ಮನೆಯಲ್ಲಲ್ಲ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಬಡಾವಣೆಯಲ್ಲಿ ಕೂಲ್ ಹರ್ಕ್ ಎಂಬ ಹುಡುಗ ಹಾಡು ಹಚ್ಚಿ ಜನ ಕೂಡಿಸಿದ; ಅವನ ತಂಗಿಗೆ ಶಾಲೆಯ ಬಟ್ಟೆಗೆ ರೊಕ್ಕ ಬೇಕಾಗಿತ್ತು. ಅಂದಿನ ಆ ಕೂಟದಿಂದಲೇ ಈ ಕಲೆಯ ಹುಟ್ಟುಹಬ್ಬ ಎಣಿಸುತ್ತಾರೆ.

ಇಲ್ಲಿ ನಮ್ಮ ತಪ್ಪೊಂದನ್ನೂ ಒಪ್ಪಿಕೊಳ್ಳಬೇಕು. ಶಾಲೆಯಲ್ಲಿದ್ದಾಗ, ಬೆಂಚು ಬಡಿಯುತ್ತ ಗೆಳೆಯರ ಹೆಸರಿಗೆಲ್ಲ ಪ್ರಾಸ ಹಚ್ಚುತ್ತಿದ್ದ ಹುಡುಗನೊಬ್ಬನಿಗೆ ಕೈ ಮೇಲೆ ಬೆತ್ತದ ಏಟು ಕೊಟ್ಟಿದ್ದೆವು. ಅವನ ಅಜ್ಜ ನಾಗೇಶಿ ಹಾಡುವವರೆಂದು ತಿಳಿದದ್ದು ಆಮೇಲೆ. ಹುಡುಗ ಈಗ ಬೇಳೆ ಮಿಲ್ಲಿನಲ್ಲಿದ್ದಾನೆ.

ಬಡವರ ಬಾಯಿಂದ ಹುಟ್ಟಿದ ಈ ಕಲೆ ಕೊನೆಗೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿರಿ. ಅಮೆರಿಕದ ಐಸ್-ಟಿ ಎಂಬ ರ‍್ಯಾಪರ್ 1992ರಲ್ಲಿ ತನ್ನ ತಂಡದೊಡನೆ ಪೊಲೀಸರ ವಿರುದ್ಧ ಹಾಡಿದ. ದೇಶವೇ ಅಲ್ಲೋಲಕಲ್ಲೋಲವಾಗಿ ಆ ಹಾಡನ್ನು ಹಿಂತೆಗೆಯಬೇಕಾಯಿತು. ಅದೇ ಮನುಷ್ಯ 2000ದಿಂದ ದೂರದರ್ಶನದ ಧಾರಾವಾಹಿಯೊಂದರಲ್ಲಿ ಪೊಲೀಸ್ ಪತ್ತೇದಾರನ ವೇಷ ಹಾಕುತ್ತ ಬಂದಿದ್ದಾನೆ. ನಮ್ಮ ಚಂದನ್ ಶೆಟ್ಟಿಯವರನ್ನು ಗಾಂಜಾ ಹಾಡಿಗಾಗಿ ಪೊಲೀಸರು ಕರೆಸಿದ್ದರಷ್ಟೆ? ‘ಸೂತ್ರಧಾರಿ’ಯಲ್ಲಿ ಅವರೇ ಪೊಲೀಸ್ ಅಧಿಕಾರಿ. ನಗಬೇಕಾದ ಮಾತೇ. ಆದರೆ ಇದರಲ್ಲಿ ಮಾರುಕಟ್ಟೆಯ ಒಂದು ಹಿಕಮತ್ತಿದೆ. ಗದ್ದಲದಿಂದ ಬಂದ ಹೆಸರನ್ನು ಅದು ಕಳೆಯಗೊಡುವುದಿಲ್ಲ, ಅಂಗಿ ಬದಲಿಸಿ ಇನ್ನೊಮ್ಮೆ ಮಾರುತ್ತದೆ. ನಟನಾಗುವುದು ತಪ್ಪಲ್ಲ, ಹೊಟ್ಟೆಪಾಡು ಎಲ್ಲರಿಗೂ ಇದೆ. ನಾವು ಬಯಸಿದ್ದು ಇಷ್ಟೆ. ಗಂಜಿನ ಹುಡುಗರ ಕಿವಿ ಗೆದ್ದ ಈ ಮನುಷ್ಯ ಒಂದು ಸಲವಾದರೂ ಅವರ ಕೂಲಿಯ ಬಗ್ಗೆ, ಅವರ ಬಾಡಿಗೆ ಖೋಲಿಯ ಬಗ್ಗೆ, ಮುಚ್ಚಿಹೋಗಿ ಬಡಾವಣೆಗೆ ಬರೇ ಹೆಸರಾಗಿ ಉಳಿದ ಎಂ.ಎಸ್.ಕೆ. ಮಿಲ್ಲಿನಂಥ ಮಿಲ್ಲುಗಳ ಬಗ್ಗೆ ಹಾಡು ಕಟ್ಟಿದ್ದರೆ! ಇನ್ನೂ ವಯಸ್ಸಿದೆ, ಕಟ್ಟಬಹುದು.

ಸರಕಾರದಿಂದ ನಾವು ಕೇಳುವುದೂ ದೊಡ್ಡದಲ್ಲ. ಜನಪದ ಹಾಡನ್ನು ಧ್ವನಿಮುದ್ರಿಸಿ ಮಾರುವ ಕಂಪನಿ ಆ ಹಾಡು ಯಾವ ಸೀಮೆಯದು, ಯಾವ ಮೇಳದವರ ಬಾಯಿಂದ ಬಂದದ್ದು ಎಂದು ಬರೆಯಲಿ, ಆದಾಯದ ಒಂದು ಪಾಲನ್ನು ಆ ಸೀಮೆಯ ಕಲಾವಿದರ ನಿಧಿಗೆ ಕಟ್ಟಲಿ. ಅಬಕಾರಿ ಹಣ ಎಣಿಸುವ ಸರಕಾರಕ್ಕೆ ಇಷ್ಟು ಲೆಕ್ಕ ಇಡುವುದು ಕಷ್ಟವಾಗಲಾರದು.

ಕಮಲಾಪುರದಲ್ಲಿ ಆ ರಾತ್ರಿ ಹತ್ತು ಗಂಟೆಗೆ ಡಿಜೆ ನಿಂತಿತು, ಅದು ಕಾಯ್ದೆ. ಆಮೇಲೆ ಹಂದರದ ಮೂಲೆಯಲ್ಲಿ ಭಜನೆಯ ಹಿರಿಯರು ಕೂತರು. ಡಿಜೆಯವನಿಗೆ ಮುಂಗಡ ಕೊಟ್ಟಾಗಿತ್ತು, ಇವರಿಗೆ ಊಟ ಮತ್ತು ಟವೆಲು. ಕಡಕೋಳದ ಮಡಿವಾಳಪ್ಪನವರ ತತ್ವಪದ ಎತ್ತಿದರು. ಕುಣಿದು ದಣಿದ ಹುಡುಗರಲ್ಲಿ ಕೆಲವರು ಅಲ್ಲೇ ಗೋಡೆಗೆ ಒರಗಿದ್ದರು. ಬಕೀಟು ಹಿಡಿದು ಪ್ರಶ್ನೆ ಕೇಳಿದ ಆ ತಾಯಿಯ ಮಗ ಮೊಬೈಲು ತೆಗೆದು ಚಿತ್ರ ಹಿಡಿದ. ಪದ ಮುಗಿದ ಮೇಲೆ, “ಅಜ್ಜಾ, ಇದನ್ನ ಯೂಟ್ಯೂಬಿಗಿ ಹಾಕ್ಲೇನು?” ಎಂದು ಕೇಳಿದ.

“ಹಾಕಪ್ಪಾ,” ಎಂದರು ಮುದುಕರು. “ಆದ್ರ ಪದ ಮಡಿವಾಳಪ್ಪಂದು ಅಂತ ಬರಿ. ಹಾಡಿದವ್ರ ಹೆಸರೂ ಬರಿ, ಊರೂ ಬರಿ.”

ಹುಡುಗ ಹಾಕಿದ್ದಾನೆ. ಮೊನ್ನೆ ಮಿಲ್ಲಿನ ಗೇಟಿನ ಹತ್ತಿರ ನಮಗೆ ತೋರಿಸಿದ. ಮೂರೂ ಬರೆದಿದ್ದಾನೆ. ಕಾಗುಣಿತ ಎರಡು ಕಡೆ ತಪ್ಪಿತ್ತು, ನಾವು ತಿದ್ದಿಕೊಟ್ಟೆವು.