ರಾತ್ರಿ ಬಸ್ಸಲ್ಲಿ ಗಡಿ ದಾಟಿದ್ರೆ ದಿನ ಉಳಿಯುತ್ತಾ? ಲೆಕ್ಕ ಹಾಕಿ ನೋಡಿ

ಮಳೆ ಕಮ್ಮಿಯಾಗಿದೆ, ಕಾಫಿ ಇನ್ನೂ ಹಣ್ಣಾಗಿಲ್ಲ. ಆಸ್ಪತ್ರೆ, ಮದುವೆ ಅಂತ ನಾವೆಲ್ಲ ಕೇರಳದ ಕಡೆ ಹೋಗೋದು ಈ ಬಿಡುವಲ್ಲೇ. ಎಲ್ಲರ ಬಾಯಲ್ಲೂ ಒಂದೇ ಮಾತು: "ರಾತ್ರಿ ಬಸ್ಸಲ್ಲಿ ಹೋಗಿ, ಒಂದು ದಿನ ಉಳಿಯುತ್ತೆ." ನಾನು ಹೇಳ್ತೀನಿ, ಇದು ಶುದ್ಧ ಸುಳ್ಳು.

ಹೋದ ತಿಂಗಳು ಮನೆಯವಳ ಕಣ್ಣು ತೋರಿಸೋಕೆ ಕಣ್ಣೂರಿಗೆ ಹೊರಟೆವು. ಬಸ್ಸು ಬೆಂಗಳೂರಿಂದ ಬರೋದು, ಟೈಮು ಅಲ್ಲಿನವರ ಅನುಕೂಲದ್ದು. ವಿರಾಜಪೇಟೆಗೆ ರಾತ್ರಿ ಎರಡೂವರೆ. ನಮ್ಮೂರಲ್ಲಿ ಒಂಬತ್ತರ ಮೇಲೆ ಆಟೋ ಇಲ್ಲ. ಹಾಗಾಗಿ ಒಂಬತ್ತೂವರೆಯಿಂದ ಬಸ್ ಸ್ಟ್ಯಾಂಡಲ್ಲಿ ಸೊಳ್ಳೆ ಹೊಡೀತಾ ಕೂತಿದ್ದೆವು. ಬಸ್ಸು ಬಂದಾಗ ಮೂರೂಕಾಲು.

ಪೆರುಂಬಾಡಿ ದಾಟಿದ್ರೆ ಮಾಕುಟ್ಟದ ತಿರುವುಗಳು ನಿಮಗೆ ಗೊತ್ತೇ ಇದೆ. ಕಾಡು, ಮಂಜು, ಫೋನಿಗೆ ಸಿಗ್ನಲ್ ಇಲ್ಲ. ಡ್ರೈವರ್ ಒಬ್ಬನೇ, ಬೆಂಗಳೂರಿಂದ ಅವನೇ ಓಡಿಸ್ಕೊಂಡು ಬಂದವನು. ಚೆಕ್‌ಪೋಸ್ಟಲ್ಲಿ ಎಬ್ಬಿಸಿ ಚೀಲ ಬಿಚ್ಚಿಸಿದ್ರು. ಹೆಂಗಸರಿಗೆ ಹೋಗೋಕೊಂದು ಜಾಗ ಇಲ್ಲ. ಕೂಟುಪುಝ ಸೇತುವೆ ದಾಟಿದ ಮೇಲೆ ಟಯರು ಹೋಯ್ತು. ಟಿಕೇಟಲ್ಲಿದ್ದ ನಂಬರಿಗೆ ಫೋನ್ ಮಾಡಿದ್ರೆ, "ನೀವೀಗ ಕೇರಳದಲ್ಲಿದ್ದೀರಿ, ಅಲ್ಲಿನವರನ್ನ ಕೇಳಿ" ಅಂದ್ರು. ದುಡ್ಡು ತಗೊಳ್ಳುವಾಗ ಗಡಿ ಇರ್ಲಿಲ್ಲ, ಜವಾಬ್ದಾರಿ ಬಂದಾಗ ಗಡಿ ಬಂತು!

ಕಣ್ಣೂರು ತಲುಪಿದಾಗ ಎಂಟು. ಡಾಕ್ಟ್ರು ಬಂದಿದ್ದು ಹತ್ತಕ್ಕೆ. ಬೆಳಿಗ್ಗೆ ಐದೂವರೆಗೆ ಹೊರಟಿದ್ರೂ ಇಷ್ಟೇ ಆಗ್ತಿತ್ತು. ವಾಪಸ್ಸೂ ರಾತ್ರಿ ಬಸ್ಸೇ. ಮಾರನೇ ದಿನ ಕಳೆ ಹೊಡೆಯೋ ಜನ ತೋಟಕ್ಕೆ ಬಂದ್ರೆ ನಾನು ಹಾಸಿಗೆ ಬಿಟ್ಟು ಎದ್ದಿರ್ಲಿಲ್ಲ. ಎಲ್ಲಿ ಉಳೀತು ದಿನ?

ಇದು ಬರೀ ತ್ರಾಸದ ಮಾತಲ್ಲ. 2013ರ ಅಕ್ಟೋಬರ್ 30ರಂದು ಬೆಂಗಳೂರಿಂದ ಹೈದರಾಬಾದಿಗೆ ಹೊರಟ ಬಸ್ಸು ಪಾಲೆಂ ಹತ್ರ ಬೆಂಕಿಗೆ ಸಿಕ್ಕಿ 45 ಜನ ಸತ್ತರು. 2025ರ ಅಕ್ಟೋಬರ್ 24ರಂದು ಹೈದರಾಬಾದಿಂದ ಬೆಂಗಳೂರಿಗೆ ಬರ್ತಿದ್ದ ಸ್ಲೀಪರ್ ಬಸ್ಸು ಕರ್ನೂಲ್ ಹತ್ರ ಸುಟ್ಟುಹೋಯ್ತು. ಎರಡೂ ರಾಜ್ಯ ದಾಟೋ ಬಸ್ಸು, ಎರಡೂ ಬೆಳಗಿನ ಜಾವ, ಜನ ಗಾಢ ನಿದ್ದೆಯಲ್ಲಿರೋ ಹೊತ್ತು.

ಬಂಡೀಪುರದಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ದಾರಿ ಬಂದ್. ಪ್ರಾಣಿಗಳ ಜೀವ ಉಳಿಸೋಕೆ, ಒಳ್ಳೇದೇ. ಆದ್ರೆ ಆ ಗಾಡಿಗಳಿಗೆ ತೋರಿಸಿದ ಬದಲಿ ದಾರಿ ಯಾವುದು? ಹುಣಸೂರು, ಗೋಣಿಕೊಪ್ಪ, ಕುಟ್ಟ. ತಿತಿಮತಿಯಲ್ಲಿ ಆನೆ ರಸ್ತೆ ದಾಟಲ್ವಾ?

ಕೂಲಿಯವರು ಹಗಲು ಹೋದ್ರೆ ಸಂಬಳ ಹೋಗುತ್ತೆ ಅಂತೀರಿ. ನಿಜ. ಆದ್ರೆ ನಿದ್ದೆ ಇಲ್ಲದೆ ಬಂದವನು ಮಾರನೇ ದಿನ ಮರ ಹತ್ತಿ ಮೆಣಸು ಕೊಯ್ಯೋಕೆ ಆಗುತ್ತಾ? ಏಣಿಯಿಂದ ಬಿದ್ರೆ ಯಾರು ಹೊಣೆ?

ಆಸ್ಪತ್ರೆ ಟೈಮಿಗೆ ಸರಿಯಾಗಿ ವಿರಾಜಪೇಟೆಯಿಂದ ಬೆಳಿಗ್ಗೆ ಸರ್ಕಾರಿ ಬಸ್ಸು ಬೇಕು ಅಂತ ಪಂಚಾಯ್ತಿ ಪಂಚಾಯ್ತಿಯಿಂದ ಅರ್ಜಿ ಹೋಗಲಿ. ರಾತ್ರಿ ಹೋಗಲೇಬೇಕಾದ್ರೆ ಇಬ್ಬರು ಡ್ರೈವರ್ ಇದ್ದಾರಾ ಅಂತ ಕೇಳಿ ಹತ್ತಿ. ಒಬ್ಬನೇ ಅಂದ್ರೆ ಟಿಕೇಟು ವಾಪಸ್ ಕೊಡಿ. ನಮ್ಮ ಅರ್ಜಿ ನಾನು ಬರೆದಿಟ್ಟಿದ್ದೀನಿ, ಭಾನುವಾರ ಸಂತೆಗೆ ಬಂದವರು ಸಹಿ ಹಾಕಿ ಹೋಗಿ.