ಹಾಸ್ಟೆಲಿನ ಬಾಗಿಲವರೆಗೆ ಬಿಟ್ಟು ಬಂದೆವು, ಮುಂದೇನು?

ಆಗಸ್ಟ್ ತಿಂಗಳ ಜಡಿಮಳೆಯಲ್ಲಿ ಸುರತ್ಕಲ್ ರೈಲು ನಿಲ್ದಾಣದಲ್ಲೋ ಮಣಿಪಾಲದ ಟೈಗರ್ ಸರ್ಕಲ್ ಬಳಿಯೋ ಸ್ವಲ್ಪ ಹೊತ್ತು ನಿಂತರೆ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಹೊಸ ಬಕೆಟು, ಹೊಸ ಹಾಸಿಗೆ, ಎರಡು ದೊಡ್ಡ ಸೂಟ್‌ಕೇಸು, ಕೈಯಲ್ಲಿ ದಾಖಲೆಗಳ ಫೈಲು. ತಂದೆ ಆಟೋದವರೊಡನೆ ಬಾಡಿಗೆ ಮಾತನಾಡುತ್ತಿರುತ್ತಾರೆ, ತಾಯಿ ಮಗಳ ತಲೆಯ ಮೇಲೆ ಕೊಡೆ ಹಿಡಿದಿರುತ್ತಾರೆ. ಅದೇ ಹೊತ್ತಿಗೆ ನಮ್ಮ ಊರಿನ ಮಕ್ಕಳು ಬೆಂಗಳೂರು, ಪುಣೆ, ಚೆನ್ನೈಗಳತ್ತ ಹೊರಟಿರುತ್ತಾರೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದಿದೆಯೇ ಎಂದು ವಿಚಾರಿಸಿಯೇ ಬಸ್ ಹತ್ತುವ ಕಾಲ ಅದು.

ಎರಡು ದಿನಗಳ ಓಡಾಟ ಮುಗಿಸಿ ಹೆತ್ತವರು ಮನೆಗೆ ಮರಳುತ್ತಾರೆ. ಆ ಬಳಿಕ ನಾಲ್ಕು ವರ್ಷ ಅವರ ಪಾತ್ರವೇನು? ಶುಲ್ಕ ಕಟ್ಟುವುದು, ರಾತ್ರಿ ಒಂದು ಫೋನ್ ಮಾಡುವುದು, ರಜೆಗೆ ಟಿಕೆಟ್ ತೆಗೆಸುವುದು ಇಷ್ಟೇಯೇ? ಈ ಪ್ರಶ್ನೆ ಇಂದು ಮನೆಯೊಳಗಿನ ವಿಷಯವಾಗಿ ಉಳಿದಿಲ್ಲ. ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಅದು ಬಂದು ನಿಂತಿದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಇದರಲ್ಲಿ ಶಾಲಾ ಮಕ್ಕಳೂ, ಮನೆಯಿಂದಲೇ ಕಾಲೇಜಿಗೆ ಹೋಗುವವರೂ ಸೇರಿದ್ದಾರೆ. ಎಲ್ಲವನ್ನೂ ಹಾಸ್ಟೆಲಿನ ತಲೆಗೆ ಕಟ್ಟುವುದು ತಪ್ಪಾಗುತ್ತದೆ. ಆದರೂ ಮನೆಯಿಂದ ದೂರವಿರುವ ಮಗುವಿನ ಮುಖ ಬಾಡಿದ್ದನ್ನು ಗಮನಿಸುವವರು ಯಾರು ಎಂಬ ಪ್ರಶ್ನೆಯನ್ನು ಈ ಸಂಖ್ಯೆ ನಮ್ಮ ಮುಂದಿಡುತ್ತದೆ.

2025ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕಾರ್ಯಪಡೆಯನ್ನು ರಚಿಸಿತು. ಅದೇ ವರ್ಷ ಜುಲೈ 25ರಂದು ಇನ್ನೊಂದು ಮಹತ್ವದ ತೀರ್ಪು ಬಂತು. ವಿಶಾಖಪಟ್ಟಣದ ಹಾಸ್ಟೆಲಿನಲ್ಲಿದ್ದು ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಓದುತ್ತಿದ್ದ 17 ವರ್ಷದ ಮಗಳನ್ನು ಕಳೆದುಕೊಂಡ ತಂದೆಯೊಬ್ಬರು ಹೂಡಿದ ಮೊಕದ್ದಮೆ ಅದು. ನ್ಯಾಯಾಲಯವು ತನಿಖೆಯನ್ನು ಸಿಬಿಐಗೆ ಒಪ್ಪಿಸಿತಲ್ಲದೆ, ಶಾಲೆ, ಕಾಲೇಜು, ವಿಶ್ವವಿದ್ಯಾಲಯ, ಕೋಚಿಂಗ್ ಕೇಂದ್ರ, ಹಾಸ್ಟೆಲುಗಳೆಲ್ಲಕ್ಕೂ ಅನ್ವಯಿಸುವ 15 ಮಾರ್ಗಸೂಚಿಗಳನ್ನು ನೀಡಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಆಪ್ತಸಲಹೆಗಾರರೊಬ್ಬರಾದರೂ ಇರಬೇಕು, ಹಾಸ್ಟೆಲಿನಲ್ಲಿ ಸಹಾಯವಾಣಿಯ ಸಂಖ್ಯೆಗಳು ಎದ್ದು ಕಾಣುವಂತಿರಬೇಕು, ಹೆತ್ತವರಿಗಾಗಿ ಸಂಸ್ಥೆಗಳೇ ಜಾಗೃತಿ ಕಾರ್ಯಕ್ರಮ ನಡೆಸಬೇಕು ಎಂಬವು ಇವುಗಳಲ್ಲಿ ಸೇರಿವೆ.

ಕೊನೆಯ ಸೂಚನೆಯನ್ನು ಗಮನಿಸಬೇಕು. ಹೆತ್ತವರೂ ಕಲಿಯಬೇಕಾದವರು ಎಂದು ನ್ಯಾಯಾಲಯ ಗುರುತಿಸಿದೆ. ಇದನ್ನು ನಾವು ಅವಮಾನವೆಂದು ತಿಳಿಯಬೇಕಾಗಿಲ್ಲ.

ಹಣದ ಲೆಕ್ಕ ಮತ್ತು ಮಗುವಿನ ಮನಸ್ಸು

ಮೊದಲು ಹಣದ ಮಾತು. ರಾಷ್ಟ್ರೀಯ ತಾಂತ್ರಿಕ ಸಂಸ್ಥೆಗಳಲ್ಲಿ ಬಿ.ಟೆಕ್. ಬೋಧನಾ ಶುಲ್ಕವನ್ನು 2016ರಲ್ಲಿ ವರ್ಷಕ್ಕೆ 70 ಸಾವಿರದಿಂದ 1.25 ಲಕ್ಷ ರೂಪಾಯಿಗೆ ಏರಿಸಲಾಯಿತು. ಬಡ ಕುಟುಂಬಗಳಿಗೆ ರಿಯಾಯಿತಿ ಇದೆ, ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಪೂರ್ಣ ವಿನಾಯಿತಿ ಇದೆ. ಆದರೆ ಈ ವಿನಾಯಿತಿ ಬೋಧನಾ ಶುಲ್ಕಕ್ಕೆ ಮಾತ್ರ. ಹಾಸ್ಟೆಲ್ ಬಾಡಿಗೆ, ಮೆಸ್ ಬಿಲ್ಲು, ಲ್ಯಾಪ್‌ಟಾಪು, ಪ್ರಯಾಣ ಎಲ್ಲವೂ ಬೇರೆ. ಖಾಸಗಿ ವಿಶ್ವವಿದ್ಯಾಲಯಗಳ ಲೆಕ್ಕವಂತೂ ಬೇರೆಯೇ.

2024ರ ನವೆಂಬರ್‌ನಲ್ಲಿ ಕೇಂದ್ರ ಸರಕಾರ ಒಪ್ಪಿಗೆ ನೀಡಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಡಿ, ಆಯ್ದ ಉನ್ನತ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ ಅಡಮಾನವಿಲ್ಲದೆ, ಜಾಮೀನುದಾರರಿಲ್ಲದೆ ಬ್ಯಾಂಕ್ ಸಾಲ ದೊರೆಯುತ್ತದೆ. ವಾರ್ಷಿಕ ಆದಾಯ 8 ಲಕ್ಷದವರೆಗಿನ ಕುಟುಂಬಗಳಿಗೆ, ಬೇರೆ ವಿದ್ಯಾರ್ಥಿವೇತನ ಸಿಗದಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇಕಡಾ 3 ರಿಯಾಯಿತಿ ಸಿಗುತ್ತದೆ. ಕ್ಯಾಂಪಸ್ಸಿನ ಹೊರಗಿನ ಹಾಸ್ಟೆಲು, ಪಿ.ಜಿ.ಗಳ ಬಾಡಿಗೆಗೆ ಶೇಕಡಾ 12 ಜಿಎಸ್‌ಟಿ ಅನ್ವಯಿಸುತ್ತದೆಂದು 2023ರಲ್ಲಿ ಕರ್ನಾಟಕದ ಮುಂಗಡ ನಿರ್ಣಯ ಪ್ರಾಧಿಕಾರ ಹೇಳಿದಾಗ ಹಲವು ಮನೆಗಳಲ್ಲಿ ಆತಂಕ ಮೂಡಿತ್ತು. 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿಯು, ತಿಂಗಳಿಗೆ 20 ಸಾವಿರದೊಳಗಿನ ಬಾಡಿಗೆಯಿದ್ದು ಸತತ 90 ದಿನ ವಾಸವಿದ್ದರೆ ತೆರಿಗೆ ಬೇಡವೆಂದು ತೀರ್ಮಾನಿಸಿದ್ದು ಸಮಾಧಾನದ ಸಂಗತಿ.

ಇವೆಲ್ಲವನ್ನೂ ಹೆತ್ತವರು ತಿಳಿದಿರಬೇಕು. ಆದರೆ ಫೋನಿನಲ್ಲಿ ಪ್ರತಿಸಲ ಇದನ್ನೇ ಮಕ್ಕಳ ಕಿವಿಗೆ ಹಾಕಿದರೆ ಏನಾಗುತ್ತದೆ? "ನಿನಗಾಗಿ ಜಾಗ ಅಡವಿಟ್ಟಿದ್ದೇವೆ, ನೆನಪಿರಲಿ" ಎಂಬ ಮಾತನ್ನು ಒಳ್ಳೆಯ ಉದ್ದೇಶದಿಂದಲೇ ಹೇಳುವವರಿದ್ದಾರೆ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯಗಳಲ್ಲಿ ನಪಾಸಾದ ಹುಡುಗನಿಗೆ ಆ ಮಾತು ಬೇರೆಯೇ ರೀತಿಯಲ್ಲಿ ಕೇಳಿಸುತ್ತದೆ. ಆತ ಫಲಿತಾಂಶವನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟದ್ದು ಬೆಳೆಯುತ್ತದೆ. ಸಾಲದ ವಿವರವನ್ನು ಮಕ್ಕಳೊಡನೆ ಒಂದು ಸಲ ಕುಳಿತು, ಕಾಗದದಲ್ಲಿ ಬರೆದು, ಪ್ರಾಮಾಣಿಕವಾಗಿ ಹೇಳುವುದು ಒಳಿತು. ಹೇಳಿದ ಮೇಲೆ ಅದನ್ನು ಬೆದರಿಕೆಯಾಗಿ ಬಳಸಬಾರದು.

ಭೇಟಿ ತಪಾಸಣೆಯಾಗದಿರಲಿ

ಇನ್ನು ಭೇಟಿಯ ವಿಷಯ. ಎಷ್ಟು ಸಲ ಹೋಗಬೇಕೆಂದು ನಮ್ಮನ್ನು ಕೇಳಿದ ಹೆತ್ತವರಿದ್ದಾರೆ. ಪ್ರತಿ ವಾರ ಹೋಗುವವರನ್ನೂ, ಘಟಿಕೋತ್ಸವದ ದಿನವೇ ಎರಡನೆಯ ಬಾರಿ ಕ್ಯಾಂಪಸ್ ನೋಡಿದವರನ್ನೂ ನಾವು ಬಲ್ಲೆವು. ಸಂಖ್ಯೆಗಿಂತ ಸಮಯ ಮುಖ್ಯವೆಂದು ನಮಗೆ ತೋರುತ್ತದೆ. ಮೊದಲ ಆರು ವಾರಗಳೊಳಗೆ ಒಮ್ಮೆ, ಮೊದಲ ಫಲಿತಾಂಶ ಬಂದ ಬಳಿಕ ಒಮ್ಮೆ, ಕಾಯಿಲೆ ಬಿದ್ದಾಗ ಕೂಡಲೇ, ದಿನವೂ ಮಾತನಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಮೌನವಾದಾಗ ತಡಮಾಡದೆ ಹೋಗಬೇಕು. ಕೊನೆಯ ಸಂದರ್ಭದಲ್ಲಿ ಆಫೀಸಿನ ರಜೆ, ಬಸ್ಸಿನ ಖರ್ಚುಗಳ ಲೆಕ್ಕ ಹಾಕುತ್ತ ಕೂರಬಾರದು.

ಹೋದಾಗ ಏನು ಮಾಡಬೇಕು? ಕಪಾಟು ತೆರೆದು ನೋಡುವುದು, ಕೋಣೆಯ ಸಂಗಾತಿಯನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ ವಿಚಾರಿಸುವುದು ಬೇಡ. ಹದಿನೆಂಟು ದಾಟಿದವರು ಕಾನೂನಿನ ಕಣ್ಣಿನಲ್ಲಿ ವಯಸ್ಕರು. ಗೆಳೆಯರ ಮುಂದೆ ತಲೆ ತಗ್ಗಿಸುವಂತಾದರೆ ಮುಂದಿನ ಸಲ "ಬರಬೇಡಿ, ಪರೀಕ್ಷೆ ಇದೆ" ಎನ್ನುತ್ತಾರೆ. ಅವರನ್ನು ಹೊರಗೆ ಕರೆದುಕೊಂಡು ಹೋಗಿ ಹೊಟ್ಟೆ ತುಂಬ ಊಟ ಮಾಡಿಸಿ. ಸಾಧ್ಯವಾದರೆ ಕೋಣೆಯ ಗೆಳೆಯರನ್ನೂ ಕರೆಯಿರಿ. ಮನೆಯ ಉಪ್ಪಿನಕಾಯಿ, ಒಣಮೀನಿನ ಚಟ್ನಿ, ಚಕ್ಕುಲಿಗಳ ಡಬ್ಬ ನಾಲ್ಕು ಜನರಿಗೆ ಸಾಲುವಷ್ಟಿರಲಿ. ಊಟದ ಮೇಜಿನಲ್ಲಿ ತಾನಾಗಿ ಹೊರಬರುವ ಸಂಗತಿಗಳು ನೂರು ಪ್ರಶ್ನೆ ಕೇಳಿದರೂ ಬರುವುದಿಲ್ಲ. ಮೊಂತಿ ಫೆಸ್ತಿನ ಹೊಸ ಅಕ್ಕಿಯೂಟಕ್ಕೋ ಚೌತಿಗೋ ಬರಲಾಗದ ಮಗುವಿಗೆ ಆ ಡಬ್ಬವೇ ಮನೆ.

ವಾರ್ಡನ್‌ರನ್ನು ಕಂಡು ಮಾತನಾಡಿ ಬರಬೇಕು. ಇದು ದೂರು ಹೇಳುವ ಭೇಟಿಯಲ್ಲ, ಪರಿಚಯದ ಭೇಟಿ. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ರ‍್ಯಾಗಿಂಗ್‌ಗೆ ಬಲಿಯಾದನು. ಅದೇ ವರ್ಷ ಯುಜಿಸಿ ರೂಪಿಸಿದ ನಿಯಮಗಳು ವಾರ್ಡನ್ ಎಲ್ಲ ಹೊತ್ತಿನಲ್ಲಿಯೂ ಸಂಪರ್ಕಕ್ಕೆ ಸಿಗಬೇಕು, ಹೊಸ ವಿದ್ಯಾರ್ಥಿಗಳಿಗೆ ಸಾಧ್ಯವಾದಷ್ಟು ಪ್ರತ್ಯೇಕ ವಸತಿ ಇರಬೇಕು ಎನ್ನುತ್ತವೆ. ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಗೆ ಹೆತ್ತವರೂ ಸಹಿ ಹಾಕುತ್ತಾರೆ. ಆದರೆ ಅದನ್ನು ಓದಿ ಸಹಿ ಹಾಕಿದವರೆಷ್ಟು ಮಂದಿ? ನಿಯಮಗಳಿದ್ದೂ 2024ರ ಫೆಬ್ರವರಿಯಲ್ಲಿ ನೆರೆಯ ವಯನಾಡಿನ ಪೂಕೋಡ್ ಪಶುವೈದ್ಯಕೀಯ ಕಾಲೇಜಿನ ಹಾಸ್ಟೆಲಿನಲ್ಲಿ ವಿದ್ಯಾರ್ಥಿಯೊಬ್ಬ ಮೃತಪಟ್ಟು, ಹಲ್ಲೆಯ ಆರೋಪದ ಆ ಪ್ರಕರಣ ಸಿಬಿಐಗೆ ಹೋಯಿತು. ನಿಯಮ ಕಾಗದದಲ್ಲಿದ್ದರೆ ಸಾಲದು, ಅದನ್ನು ಕೇಳುವ ಹೆತ್ತವರೂ ಬೇಕು. ಆಪ್ತಸಲಹೆಗಾರರು ಯಾರು, ರಾತ್ರಿ ಜ್ವರ ಬಂದರೆ ಆಸ್ಪತ್ರೆಗೆ ಒಯ್ಯುವವರು ಯಾರು, ಮನೆಗೆ ಯಾವಾಗ ತಿಳಿಸುತ್ತೀರಿ ಎಂಬ ಮೂರು ಪ್ರಶ್ನೆಗಳನ್ನು ಕೇಳಲು ಯಾವ ತಂದೆತಾಯಿಗೂ ಸಂಕೋಚ ಬೇಡ.

ದೂರದ ಹೆತ್ತವರು, ಹತ್ತಿರದ ನಾವು

ಕುವೈತ್, ದುಬೈ, ಮಸ್ಕತ್‌ಗಳಲ್ಲಿ ದುಡಿಯುವ ನಮ್ಮ ಜನರಿಗೆ ಈ ಸಲಹೆಗಳನ್ನು ಪಾಲಿಸುವುದು ಕಷ್ಟವೆಂದು ನಾವು ಬಲ್ಲೆವು. ಅಂಥ ಮನೆಗಳಲ್ಲಿ ಚಿಕ್ಕಪ್ಪನೋ ದೊಡ್ಡಮ್ಮನೋ ಲೋಕಲ್ ಗಾರ್ಡಿಯನ್ ಎಂದು ಅರ್ಜಿಯಲ್ಲಿ ಹೆಸರು ಕೊಟ್ಟಿರುತ್ತಾರೆ. ಹೆಸರು ಕೊಟ್ಟವರು ತಿಂಗಳಿಗೊಮ್ಮೆಯಾದರೂ ಆ ಮಗುವಿನ ಮುಖ ನೋಡಿದ್ದಾರೆಯೇ? ಸಹಿಯೊಂದಿಗೆ ಜವಾಬ್ದಾರಿಯೂ ಬರುತ್ತದೆ.

ಇದಕ್ಕೆ ಇನ್ನೊಂದು ಮುಖವಿದೆ. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1960ರಲ್ಲಿ ಸುರತ್ಕಲ್‌ನಲ್ಲಿ ಕೆ.ಆರ್.ಇ.ಸಿ., 1980ರಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿದಂದಿನಿಂದ ನಮ್ಮ ಕರಾವಳಿಯೇ ಪರವೂರ ಮಕ್ಕಳ ಮನೆಯಾಗಿದೆ. ಬಿಹಾರ, ಜಾರ್ಖಂಡ್, ಈಶಾನ್ಯ ರಾಜ್ಯಗಳ ಹೆತ್ತವರು ರೈಲಿನಲ್ಲಿ ಎರಡು ರಾತ್ರಿ ಕಳೆದು ಇಲ್ಲಿಗೆ ಬರಬೇಕು. ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಅವರ ಮಕ್ಕಳಿಗೆ ಕೋಣೆ ಬಾಡಿಗೆಗೆ ಕೊಟ್ಟವರು ನಾವು, ಚಹಾ ಮಾರುವವರು ನಾವು, ಆಟೋ ಓಡಿಸುವವರು ನಾವು. ಬಾಡಿಗೆ ಕೋಣೆಯ ಹುಡುಗ ಎರಡು ದಿನದಿಂದ ಹೊರಗೆ ಬಂದಿಲ್ಲವೆಂದು ಗಮನಿಸಿ, ಬಾಗಿಲು ತಟ್ಟಿ, ಗಂಜಿ ಕೊಟ್ಟು, ಅವನ ಮನೆಗೆ ಫೋನ್ ಮಾಡಿದ ಹಿರಿಯ ಮಹಿಳೆಯೊಬ್ಬರ ವಿಷಯ ನಮಗೆ ತಿಳಿದಿದೆ. ಡೆಂಗ್ಯೂ ಆಗಿತ್ತು, ಹುಡುಗ ಗುಣಮುಖನಾದ. ಆಕೆಗೆ ಹಿಂದಿ ಬರುತ್ತಿರಲಿಲ್ಲ, ಆ ತಾಯಿಗೆ ಕನ್ನಡ ಬರುತ್ತಿರಲಿಲ್ಲ. ಮಾತು ಅರ್ಥವಾಗಲು ಅದು ಅಡ್ಡಿಯಾಗಲಿಲ್ಲ.

ನಮ್ಮ ಮಕ್ಕಳು ಇರುವ ಊರಿನಲ್ಲಿಯೂ ಹೀಗೆ ಬಾಗಿಲು ತಟ್ಟುವವರೊಬ್ಬರು ಇರಲೆಂದು ನಾವು ಬಯಸುತ್ತೇವಲ್ಲವೇ? ಹಾಗಾದರೆ ನಮ್ಮ ಪಕ್ಕದ ಕೋಣೆಯ ಬಾಗಿಲನ್ನು ನಾವು ತಟ್ಟೋಣ.

ಕೊನೆಯದಾಗಿ ಒಂದು ಸಂಖ್ಯೆ: 14416. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲಿಯೂ ಮಾತನಾಡಬಹುದು. ರ‍್ಯಾಗಿಂಗ್ ದೂರಿಗೆ 1800-180-5522. ಇವೆರಡನ್ನೂ ಮಕ್ಕಳ ಫೋನಿನಲ್ಲಿ ಬರೆಸಿಡಿ, ನಿಮ್ಮ ಫೋನಿನಲ್ಲಿಯೂ ಇರಲಿ. ಇಂದು ರಾತ್ರಿ ಫೋನ್ ಮಾಡಿದಾಗ ಅಂಕಗಳ ಬಗ್ಗೆ ಕೇಳುವ ಮೊದಲು ಊಟವಾಯಿತೇ ಎಂದು ಕೇಳಿ. ಉತ್ತರ ಹೇಳುವ ದನಿಯನ್ನು ಸ್ವಲ್ಪ ಗಮನವಿಟ್ಟು ಆಲಿಸಿ.