ಪಕ್ಕದ ಮಣ್ಣು ಕೊಡುವ ಆಸರೆ

ಜಯನಗರ, ಬನಶಂಕರಿಯ ಹಳೆಯ ಬಡಾವಣೆಗಳಲ್ಲಿ ಈಗ ಒಂದಲ್ಲ ಒಂದು ಮನೆ ಒಡೆಯುತ್ತಲೇ ಇರುತ್ತಾರೆ. ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹಂಚಿದ ಸೈಟು, ಸೈಜುಗಲ್ಲಿನ ಪಾಯ, ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಅಂಗಳದಲ್ಲೊಂದು ತೆಂಗಿನ ಮರ. ಇವೆಲ್ಲ ಹೋಗಿ ಆ ಜಾಗದಲ್ಲಿ ಹತ್ತಡಿ ಆಳದ ಗುಂಡಿ ಬೀಳುತ್ತದೆ. ಕಾರು ನಿಲ್ಲಿಸಲು ನೆಲಮಾಳಿಗೆ ಬೇಕಲ್ಲ! ಗುಂಡಿ ತೋಡಿದ ಕೆಲವು ದಿನಕ್ಕೆ ಪಕ್ಕದ ಮನೆಯ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಕಾಣುತ್ತದೆ. ಆಗ ಯಜಮಾನರಿಗೆ ಎರಡು ಸಮಾಧಾನ: ‘ಮನೆಗೆ ಇನ್ಶೂರೆನ್ಸ್ ಇದೆ’, ‘ಹೆಚ್ಚೆಂದರೆ ಕೋರ್ಟಿದೆ’. ಎರಡೂ ಅರ್ಧ ಸತ್ಯ. ಏಕೆಂದು ತಿಳಿಯಲು ಮೊದಲು ಸ್ವಲ್ಪ ವಿಜ್ಞಾನ ಬೇಕು.

ವಿದ್ಯಾರ್ಥಿಗಳು ಈ ಪ್ರಯೋಗವನ್ನು ಮನೆಯಲ್ಲೇ ಮಾಡಿ ನೋಡಬಹುದು. ಒಂದು ಟಬ್ಬಿನಲ್ಲಿ ಕೊಂಚ ಒದ್ದೆ ಮರಳು ತುಂಬಿ, ತಟ್ಟಿ ಸಮ ಮಾಡಿ. ಮೇಲೆ ಒಂದು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ. ಈಗ ದೂರದಲ್ಲಿ ಚಮಚದಿಂದ ಮರಳು ತೆಗೆಯಿರಿ. ಇಟ್ಟಿಗೆ ಅಲುಗದು. ತೆಗೆಯುತ್ತ ತೆಗೆಯುತ್ತ ಹತ್ತಿರ ಬನ್ನಿ. ಇಟ್ಟಿಗೆಯ ಕೆಳಗಿನ ಒಂದು ಕಣವನ್ನೂ ನೀವು ಮುಟ್ಟಿಲ್ಲ, ಆದರೂ ಅದು ಗುಂಡಿಯ ಕಡೆಗೆ ವಾಲುತ್ತದೆ. ಕಾರಣ ಸರಳ. ಗೋಡೆಯ ಭಾರ ನೇರ ಕೆಳಕ್ಕಷ್ಟೇ ಇಳಿಯುವುದಿಲ್ಲ, ಅಕ್ಕಪಕ್ಕಕ್ಕೂ ಹರಡುತ್ತದೆ. ಆ ಪಕ್ಕದ ಒತ್ತಡವನ್ನು ತಡೆದು ನಿಲ್ಲಿಸಿರುವುದು ಪಕ್ಕದ ಮಣ್ಣು. ನಮ್ಮ ಬೆಂಗಳೂರಿನ ಕೆಮ್ಮಣ್ಣು ಬೇಸಿಗೆಯಲ್ಲಿ ಅಗೆದರೆ ಗೋಡೆಯಂತೆ ನೆಟ್ಟಗೆ ನಿಂತು ಮೇಸ್ತ್ರಿಗೆ ಧೈರ್ಯ ಕೊಡುತ್ತದೆ. ಹಸ್ತ, ಚಿತ್ತಾ ಮಳೆ ಹಿಡಿದರೆ ನೀರು ಕುಡಿದು, ಅಂಟು ಸಡಿಲಗೊಂಡು ಕುಸಿಯುತ್ತದೆ.

ಈ ಆಸರೆಯ ಮಾತನ್ನು ನಮ್ಮ ಕಾನೂನು ಬಹಳ ಹಿಂದೆಯೇ ಬರೆದಿಟ್ಟಿದೆ. 1882ರ ಭಾರತೀಯ ಈಸ್‌ಮೆಂಟ್ಸ್ ಕಾಯ್ದೆಯ 7ನೇ ಕಲಮಿನ ಪ್ರಕಾರ, ಸಹಜ ಸ್ಥಿತಿಯಲ್ಲಿರುವ ಪ್ರತಿಯೊಂದು ನೆಲಕ್ಕೂ ಪಕ್ಕದ ನೆಲದ ಆಸರೆ ಪಡೆಯುವ ಹಕ್ಕಿದೆ. ಆದರೆ ‘ಸಹಜ ಸ್ಥಿತಿ’ ಎಂಬ ಮಾತನ್ನು ಗಮನಿಸಿ. ಅಗೆಯದ, ಕೃತಕ ಭಾರ ಹೊರದ ನೆಲ ಎಂದು ಅದರ ಅರ್ಥ. ಅಂದರೆ ಖಾಲಿ ಸೈಟಿಗೆ ಈ ಹಕ್ಕು ಹುಟ್ಟಿನಿಂದಲೇ ಬಂದದ್ದು. ಅದರ ಮೇಲೆ ಮನೆ ಕಟ್ಟಿದಿರೋ, ಮನೆಯ ಭಾರಕ್ಕೆ ಈ ಹಕ್ಕು ತಾನಾಗಿ ಬರುವುದಿಲ್ಲ! 15ನೇ ಕಲಮು ಹೇಳುವಂತೆ, ತಂಟೆ ತಕರಾರಿಲ್ಲದೆ, ಎಡೆಬಿಡದೆ, ಹಕ್ಕಿನಂತೆ 20 ವರ್ಷ ಆ ಆಸರೆಯನ್ನು ಅನುಭವಿಸಿದರೆ ಮಾತ್ರ ಅದು ಮನೆಗೂ ದಕ್ಕುತ್ತದೆ. ದಕ್ಕಿದ ಹಕ್ಕು ಆಸ್ತಿಯ ಜೊತೆಗೇ ಹೋಗುವುದರಿಂದ ಹಳೆಯ ಮನೆ ಕೊಂಡವರಿಗೂ ಸಿಗುತ್ತದೆ. ಐದು ವರ್ಷದ ಹಿಂದೆ ಕಟ್ಟಿದ ಮನೆಯವರು, ಅಗೆದವರ ಅಜಾಗರೂಕತೆಯನ್ನು ಸಾಬೀತು ಮಾಡುವಂಥ ಬೇರೆ ದಾರಿ ಹಿಡಿಯಬೇಕಾಗುತ್ತದೆ.

ಹಳೆಯ ಮನೆಯನ್ನು ನವೀಕರಿಸುವವರಿಗೂ ಇಲ್ಲೊಂದು ಪಾಠವಿದೆ. 20 ವರ್ಷದಲ್ಲಿ ಸಿಕ್ಕ ಹಕ್ಕು ಅಷ್ಟು ದಿನ ನಿಂತಿದ್ದ ಭಾರದ್ದು. ಪಕ್ಕದ ಆಸ್ತಿಯ ಮೇಲೆ ಹೆಚ್ಚಿನ ಹೊರೆ ಹಾಕುವಂತಿಲ್ಲ ಎಂದು ಅದೇ ಕಾಯ್ದೆಯ 23ನೇ ಕಲಮು ಹೇಳುತ್ತದೆ. ಮಗನ ಮದುವೆಗೆಂದು ಮೇಲೊಂದು ಅಂತಸ್ತು ಏರಿಸಿದರೆ ಆ ಹೊಸ ಭಾರಕ್ಕೆ ಹಳೆಯ ಹಕ್ಕು ಒದಗುತ್ತದೆಂದು ನೆಚ್ಚಿ ಕೂರುವಂತಿಲ್ಲ. ಹಾಲು ದೊಡ್ಡದಾಗಲೆಂದು ಭಾರ ಹೊರುವ ಗೋಡೆಯನ್ನು ಒಡೆದರೆ ಆ ಭಾರ ಇನ್ನೊಂದು ಗೋಡೆಯ ತಲೆಗೆ ಬೀಳುತ್ತದೆ. ಇದನ್ನು ಮೇಸ್ತ್ರಿಯನ್ನಲ್ಲ, ಎಂಜಿನಿಯರನ್ನು ಕೇಳಿ ಮಾಡಬೇಕು.

ಇನ್ನು ವಿಮೆ. 2021ರ ಏಪ್ರಿಲ್ 1ರಿಂದ ಮನೆಗಳಿಗೆ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಬಂದಿದೆ. ಒಳ್ಳೆಯ ಪಾಲಿಸಿ. ಬೆಂಕಿ, ಭೂಕಂಪ, ಪ್ರವಾಹ, ನೆಲ ಕುಸಿತ ಎಲ್ಲವೂ ಅದರಲ್ಲಿವೆ. ವಿಮೆ ಸಿಗುವುದು ಮತ್ತೆ ಕಟ್ಟುವ ಖರ್ಚಿಗೆ ಮಾತ್ರ, ಸೈಟಿನ ಬೆಲೆಗಲ್ಲ. ಇಷ್ಟನ್ನು ಹಲವರು ಬಲ್ಲರು. ಆದರೆ ‘ನೆಲ ಕುಸಿತ’ ಎಂಬ ಪದದ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿದವರು ಕಡಿಮೆ. ಹೊಸ ಕಟ್ಟಡ ಸಹಜವಾಗಿ ಕೂತು ಬಿಟ್ಟ ಬಿರುಕು, ಮಣ್ಣು ತುಂಬಿ ಎತ್ತರಿಸಿದ ನೆಲ ಜರುಗಿದ್ದು, ಕಳಪೆ ವಿನ್ಯಾಸ ಅಥವಾ ಸಾಮಗ್ರಿಯ ದೋಷ ಮತ್ತು ಕಟ್ಟುವ, ಒಡೆಯುವ, ರಿಪೇರಿ ಮಾಡುವ, ಅಗೆಯುವ ಕೆಲಸದಿಂದಾದ ಕುಸಿತ, ಇಷ್ಟನ್ನೂ ಹೊರಗಿಟ್ಟಿದ್ದಾರೆ. ಪಕ್ಕದವರ ಗುಂಡಿ ಈ ಕೊನೆಯ ಮಾತಿನೊಳಗೇ ಬಿತ್ತು!

ಹಾಗಾದರೆ ಕಟ್ಟುವವರ ವಿಮೆ? ‘ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್’ ಎಂಬ ಪಾಲಿಸಿಯಲ್ಲಿ ನೆರೆಯವರಿಗಾದ ಹಾನಿಗೂ ಒಂದು ಭಾಗವಿರುತ್ತದೆ. ಹೆಸರಿನಲ್ಲಿ ‘ಆಲ್’ ಇದ್ದರೂ ಕಂಪನದಿಂದ, ಆಸರೆ ತೆಗೆದದ್ದರಿಂದ ಆದ ಹಾನಿ ಸಾಮಾನ್ಯವಾಗಿ ಅದರಲ್ಲಿ ಸೇರಿರುವುದಿಲ್ಲ. ಹೆಚ್ಚುವರಿ ಹಣ ಕಟ್ಟಿ ಪ್ರತ್ಯೇಕ ಷರಾ ಬರೆಸಬೇಕು. ಬರೆಸಿದ ಮೇಲೂ ಕೆಲಸ ಶುರುವಾಗುವ ಮುನ್ನ ನೆರೆಯ ಕಟ್ಟಡ ಗಟ್ಟಿಯಾಗಿತ್ತು ಎಂಬುದು ಷರತ್ತು.

ಹೊಸದಾಗಿ ಕೊಳ್ಳುವವರು ‘ತುಂಬಿದ ನೆಲ’ ಎಂಬ ಮಾತನ್ನು ಮರೆಯಬಾರದು. ಬಿ.ಟಿ.ಎಂ. ಬಡಾವಣೆಯ ಹೆಸರಿನಲ್ಲೇ ಬೈರಸಂದ್ರ, ಮಡಿವಾಳದ ನಡುವೆ ಒಂದು ತಾವರೆಕೆರೆ ಇದೆ. ದಕ್ಷಿಣ ಬೆಂಗಳೂರಿನ ಎಷ್ಟೋ ತಗ್ಗುಗಳು ಕೆರೆಯಂಗಳವೋ ರಾಜಕಾಲುವೆಯ ಮಗ್ಗುಲೋ ಆಗಿದ್ದವು. ಅಲ್ಲಿ ಕಾನೂನಿನ ಕುಸಿತವೂ ಉಂಟು. 2015ರ ಏಪ್ರಿಲ್‌ನಲ್ಲಿ ಜೆ.ಪಿ. ನಗರದ ಸಾರಕ್ಕಿ ಕೆರೆಯ ಒತ್ತುವರಿ ತೆರವುಗೊಳಿಸಿದಾಗ ನೋಂದಣಿಯಾದ ಕ್ರಯಪತ್ರ ಹಿಡಿದಿದ್ದವರ ಮನೆಗಳೂ ಉರುಳಿದವು. ಮಾರಿದವನಿಗೆ ಹಕ್ಕಿಲ್ಲದಿದ್ದರೆ ನೋಂದಣಿಯಿಂದ ಹಕ್ಕು ಹುಟ್ಟುವುದಿಲ್ಲ. ಆದ್ದರಿಂದ ಕ್ರಯಪತ್ರ, ಖಾತೆ, ಋಣಭಾರ ಪತ್ರಗಳ ಜೊತೆಗೆ ಹಳೆಯ ಗ್ರಾಮನಕ್ಷೆಯನ್ನೂ ತರಿಸಿ ನೋಡಿ.

ಪಕ್ಕದಲ್ಲಿ ಜೆಸಿಬಿ ಬರುವ ಸುದ್ದಿ ಸಿಕ್ಕರೆ ಏನು ಮಾಡಬೇಕು? ಜಗಳವಾಡಬೇಡಿ, ಮೊದಲು ದಾಖಲೆ ಮಾಡಿ. ಎರಡೂ ಮನೆಯವರು ಸೇರಿ ಎಂಜಿನಿಯರೊಬ್ಬರಿಂದ ಪ್ರತಿ ಗೋಡೆಯನ್ನೂ ಪರೀಕ್ಷಿಸಿ, ದಿನಾಂಕ ಸಹಿತ ಫೋಟೋ ತೆಗೆಸಿ, ವರದಿಗೆ ಇಬ್ಬರೂ ಸಹಿ ಹಾಕಿ. ಗುಂಡಿಯ ಬದಿಗೆ ಆನಿಕೆ ಹೇಗೆ ಕೊಡುತ್ತಾರೆ, ವಿಮೆಯಲ್ಲಿ ಆಸರೆಯ ಷರಾ ಇದೆಯೇ ಎಂದು ಪತ್ರ ಬರೆದು ಕೇಳಿ. ಕಟ್ಟುವವರಿಗೂ ಇದು ಲಾಭವೇ. ಹತ್ತು ವರ್ಷದ ಹಳೆಯ ಬಿರುಕಿಗೆಲ್ಲ ಅವರು ಹೊಣೆಯಾಗಬೇಕಿಲ್ಲ.

ಆಮೇಲಿನ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಬಹುದು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಲಿ. ಬಿರುಕಿನ ಮೇಲೆ ಅಡ್ಡಲಾಗಿ, ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಯೊಂದರ ಎರಡು ತುದಿಗಳನ್ನು ಗಟ್ಟಿ ಅಂಟಿನಿಂದ ಕೂರಿಸಲಿ. ಪಟ್ಟಿ ಒಡೆದರೆ ಬಿರುಕು ಜೀವಂತವಾಗಿದೆ ಎಂದರ್ಥ. ತಡಮಾಡದೆ ಕೆಲಸ ನಿಲ್ಲಿಸಲು ಹೇಳಿ, ಎಂಜಿನಿಯರನ್ನು ಕರೆಸಿ, ಪಾಲಿಕೆಗೆ ದೂರು ಕೊಡಿ. ಗೋಡೆ ವಾಲಿದಂತೆ ಕಂಡರೆ ಸಾಮಾನು ಕಟ್ಟುತ್ತ ಕೂರದೆ ಹೊರಬನ್ನಿ. 2021ರ ಸೆಪ್ಟೆಂಬರ್‌ನಲ್ಲಿ ಲಕ್ಕಸಂದ್ರದಲ್ಲಿ ಹಳೆಯ ಮೂರಂತಸ್ತಿನ ಕಟ್ಟಡವೊಂದು ಉರುಳಿದಾಗ ಜನ ಮೊದಲೇ ಹೊರಗೆ ಬಂದಿದ್ದರಿಂದ ಜೀವ ಉಳಿಯಿತು.

ಕೊನೆಗೆ ವಿಮಾ ಕಂಪನಿಯ ಸರ್ವೇಯರು ಬರಲಿ, ನ್ಯಾಯಾಧೀಶರ ಮುಂದೆ ನಿಲ್ಲಲಿ, ಕೇಳುವ ಪ್ರಶ್ನೆ ಒಂದೇ: ಅಗೆಯುವ ಮುಂಚೆ ಈ ಗೋಡೆ ಹೇಗಿತ್ತು? ಅದಕ್ಕೆ ಉತ್ತರವನ್ನು ಗುಂಡಿ ಬೀಳುವ ಮೊದಲೇ ಬರೆದಿಟ್ಟುಕೊಳ್ಳಬೇಕು.